ಕಣ್ಣೀರಿನ ಹೆದ್ದಾರಿ: ಮೂವತ್ತೆಂಟು ವರ್ಷಗಳ ಮೇಲೆ ಬಂದ ಉತ್ತರ



1974ರ ಆಗಸ್ಟ್ ತಿಂಗಳು. ಕೆನಡಾ ದೇಶದ ಪಶ್ಚಿಮ ತುದಿಯಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಒಳನಾಡು. 97ನೇ ಸಂಖ್ಯೆಯ ಹೆದ್ದಾರಿಯ ಬದಿಗಿದ್ದ ಪುಟ್ಟ ಊರೊಂದರಿಂದ ಹದಿನಾರು ವರ್ಷದ ಹುಡುಗಿಯೊಬ್ಬಳು ಹತ್ತಿರದಲ್ಲೇ ಇದ್ದ ಸ್ನೇಹಿತರ ಮನೆಗೆಂದು ಹೊರಟಳು. ರಸ್ತೆಯ ಅಂಚಿನಲ್ಲಿ ನಿಂತು ಹೆಬ್ಬೆರಳು ಚಾಚಿ, ನಿಲ್ಲಿಸಿದವರ ವಾಹನ ಹತ್ತಿ ಹೋಗುವುದು ಆಗ ಅಲ್ಲಿನ ಹುಡುಗ ಹುಡುಗಿಯರಿಗೆ ತೀರ ಸಾಮಾನ್ಯವಾಗಿತ್ತು. ಆಕೆಯೂ ಹಾಗೆಯೇ ಹೊರಟಿದ್ದಳು. ಮನೆಗೆ ಮರಳಲಿಲ್ಲ. ಸುಮಾರು ಒಂದು ತಿಂಗಳ ನಂತರ, ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆಂದು ಕಾಡಿನೊಳಗೆ ಮಾಡಿದ್ದ ರಸ್ತೆಯ ಸಮೀಪ ಆಕೆಯ ಶವ ಸಿಕ್ಕಿತು.

ಪೊಲೀಸರು ಬಂದರು, ಮಹಜರು ನಡೆಸಿದರು, ಊರವರನ್ನು ವಿಚಾರಿಸಿದರು. ಕೊಂದವನಾರು ಎಂಬುದು ಮಾತ್ರ ತಿಳಿಯಲಿಲ್ಲ. ವರ್ಷಗಳು ಉರುಳಿದವು. ಆಕೆಯ ಒಡಹುಟ್ಟಿದವರು ನಡುವಯಸ್ಸು ದಾಟಿದರು. 2012ರ ಸೆಪ್ಟೆಂಬರ್ 25ರಂದು ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯವರು ಪತ್ರಕರ್ತರನ್ನು ಕರೆದು ಒಂದು ಹೆಸರನ್ನು ಪ್ರಕಟಿಸಿದರು: ಬಾಬಿ ಜ್ಯಾಕ್ ಫೌಲರ್, ಅಮೆರಿಕದವನು. ಅಷ್ಟರಲ್ಲಿ ಮೂವತ್ತೆಂಟು ವರ್ಷ ಕಳೆದಿತ್ತು. ಆತ ಅಮೆರಿಕದ ಒರೆಗಾನ್ ರಾಜ್ಯದ ಸೆರೆಮನೆಯಲ್ಲಿ 2006ರಲ್ಲೇ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತುಹೋಗಿದ್ದ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮೂವತ್ತೆಂಟು ವರ್ಷ ಸಿಗದ ಉತ್ತರ ಕೊನೆಗೆ ಸಿಕ್ಕಿದ್ದು ಹೇಗೆ ಎಂಬುದು ಮೊದಲನೆಯದು. ಸಿಕ್ಕ ಉತ್ತರದಿಂದ ಪ್ರಕರಣ ನಿಜಕ್ಕೂ ಮುಗಿಯಿತೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ ಆ ರಸ್ತೆಗೇ ಹೋಗಬೇಕಾಗುತ್ತದೆ.

ಕೊಲೆಯ ತನಿಖೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಗಮನಿಸಿ. ಸತ್ತವರಿಗೆ ಪರಿಚಯವಿದ್ದವರಾರು, ಯಾರೊಡನೆ ಜಗಳವಿತ್ತು, ಕೊನೆಯಲ್ಲಿ ಜೊತೆಗಿದ್ದವರಾರು ಎಂದೇ ಯಾವ ಪೊಲೀಸನಾದರೂ ಮೊದಲು ಕೇಳುತ್ತಾನೆ. ಬಹಳಷ್ಟು ಕೊಲೆಗಳಲ್ಲಿ ಕೊಂದವನು ಪರಿಚಿತನೇ ಆಗಿರುವುದರಿಂದ ಈ ದಾರಿ ಫಲ ಕೊಡುತ್ತದೆ. ಹೆದ್ದಾರಿಯ ಕೊಲೆಯಲ್ಲಿ ಮಾತ್ರ ಈ ದಾರಿ ಹತ್ತು ಹೆಜ್ಜೆಗೇ ನಿಂತುಹೋಗುತ್ತದೆ. ಹುಡುಗಿ ಕಾರು ಹತ್ತಿದ ಜಾಗ ಒಂದು, ಶವ ಬಿದ್ದ ಜಾಗ ಇನ್ನೊಂದು, ಕೊಂದವನ ಊರು ಮತ್ತೊಂದು. ಕೊಂದವನಿಗೂ ಸತ್ತವಳಿಗೂ ಆ ಒಂದು ಗಂಟೆಯ ಹೊರತು ಬೇರೆ ಯಾವ ಸಂಬಂಧವೂ ಇಲ್ಲ. ಶವ ಸಿಗುವ ಹೊತ್ತಿಗೆ ಆತ ಮತ್ತೊಂದು ಪ್ರಾಂತ್ಯದಲ್ಲೋ ಮತ್ತೊಂದು ದೇಶದಲ್ಲೋ ಇರುತ್ತಾನೆ. ಸಾಕ್ಷಿ ಹೇಳಬೇಕಾದವರೆಂದರೆ ಅದೇ ರಸ್ತೆಯಲ್ಲಿ ಹಾದುಹೋದ ಬೇರೆ ವಾಹನದವರು. ಅವರೂ ಊರು ಬಿಟ್ಟು ಹೋದವರೇ.

ಹೀಗೆ ಸುಳಿವು ಸಿಗದೆ ಉಳಿದ ಪ್ರಕರಣಗಳಿಗೆ ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ 'ಸಿ' ವರದಿ ಹಾಕುವ ಪದ್ಧತಿ ಇದೆ. ಪಾಶ್ಚಾತ್ಯ ದೇಶಗಳ ಪೊಲೀಸರು ಇಂಥವನ್ನು ತಣ್ಣಗಾದ ಪ್ರಕರಣಗಳೆಂದು ಕರೆಯುತ್ತಾರೆ. ಕೆನಡಾದಲ್ಲಿ ಕೊಲೆ ಮೊಕದ್ದಮೆಗೆ ಕಾಲಮಿತಿಯಿಲ್ಲ. ಎಷ್ಟೇ ವರ್ಷ ಕಳೆದರೂ ಆರೋಪಿ ಸಿಕ್ಕರೆ ವಿಚಾರಣೆ ನಡೆಸಬಹುದು. ಕಡತ ಮುಚ್ಚುವುದಿಲ್ಲ, ಧೂಳು ಹಿಡಿಯುತ್ತದೆ ಅಷ್ಟೇ.

ಈ ಹುಡುಗಿಯ ಕಡತದ ಜೊತೆಗೆ ಧೂಳು ಹಿಡಿದ ವಸ್ತುಗಳಲ್ಲಿ ಆಕೆ ತೊಟ್ಟಿದ್ದ ಮೇಲಂಗಿಯೂ ಒಂದು. ಕೋರ್ಟಿನ ಭಾಷೆಯಲ್ಲಿ ಮುದ್ದೆಮಾಲು. 1974ರಲ್ಲಿ ಬಟ್ಟೆಯ ಮೇಲಿನ ಕಲೆಯಿಂದ ಹೆಚ್ಚೆಂದರೆ ರಕ್ತದ ಗುಂಪನ್ನು ಹೇಳಬಹುದಿತ್ತು. ಒಂದೇ ಗುಂಪಿನ ರಕ್ತವುಳ್ಳವರು ಲಕ್ಷಗಟ್ಟಲೆ ಇರುತ್ತಾರೆ. ಆದ್ದರಿಂದ ಅದು ಒಬ್ಬನನ್ನು ತಪ್ಪಿತಸ್ಥನೆಂದು ತೋರಿಸುವುದಕ್ಕಿಂತ ಹಲವರನ್ನು ಪಟ್ಟಿಯಿಂದ ತೆಗೆದುಹಾಕಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಆ ಬಟ್ಟೆಯಲ್ಲಿ ಮುಂದೊಂದು ದಿನ ಕೊಲೆಗಡುಕನ ಹೆಸರನ್ನೇ ಓದಬಹುದೆಂದು ಅದನ್ನು ಕಟ್ಟಿಟ್ಟವರಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ. ಆದರೂ ಇಟ್ಟರು. ಅವರ ನಂತರ ಬಂದವರು ಎಸೆಯಲಿಲ್ಲ. ಇಡೀ ಕತೆಯಲ್ಲಿ ಯಾರೂ ಹೊಗಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ.

ಹತ್ತು ವರ್ಷ ಕಳೆದು, 1984ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ತಮ್ಮ ಪ್ರಯೋಗಾಲಯದಲ್ಲಿ ಒಂದು ಎಕ್ಸ್-ರೇ ಫಿಲ್ಮನ್ನು ತೊಳೆದು ನೋಡಿದರು. ಮನುಷ್ಯನ ಡಿ.ಎನ್.ಎ.ಯಲ್ಲಿ ಕೆಲವು ಕಡೆ ಒಂದೇ ತುಣುಕು ಮತ್ತೆ ಮತ್ತೆ ಪುನರಾವರ್ತನೆಯಾಗುತ್ತದೆ. ಎಷ್ಟು ಸಲ ಆಗುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಈ ವ್ಯತ್ಯಾಸಗಳೆಲ್ಲ ಫಿಲ್ಮಿನ ಮೇಲೆ ಪಟ್ಟೆಪಟ್ಟೆಯಾಗಿ ಮೂಡಿದ್ದವು. ಅವಳಿಗಳನ್ನು ಬಿಟ್ಟರೆ, ಅದರಲ್ಲೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ಬಿಟ್ಟರೆ, ಒಬ್ಬರ ಪಟ್ಟೆ ಇನ್ನೊಬ್ಬರಿಗೆ ಹೋಲುವುದಿಲ್ಲ. ಬೆರಳಚ್ಚಿಗೆ ಹೋಲಿಸಿ ಇದಕ್ಕೆ ಡಿ.ಎನ್.ಎ. ಬೆರಳಚ್ಚು ಎಂಬ ಹೆಸರು ಬಂತು.

ಅದು ಪೊಲೀಸರ ಕೈಗೆ ಮೊದಲು ಬಂದದ್ದೂ ಲೆಸ್ಟರ್ ಸುತ್ತಮುತ್ತಲೇ. 1983ರಲ್ಲೊಮ್ಮೆ, 1986ರಲ್ಲೊಮ್ಮೆ ಅಲ್ಲಿ ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿನೇಳು ವರ್ಷದ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. ಪರೀಕ್ಷೆ ಮಾಡಿದಾಗ ಎರಡನ್ನೂ ಮಾಡಿದವನು ಒಬ್ಬನೇ, ಆದರೆ ಆ ಹುಡುಗನಲ್ಲ ಎಂದು ತಿಳಿಯಿತು. ಅಂದರೆ ಈ ವಿದ್ಯೆ ಕೊಲೆ ಪ್ರಕರಣದಲ್ಲಿ ಮೊದಲು ಮಾಡಿದ ಕೆಲಸ ತಪ್ಪಿತಸ್ಥನನ್ನು ಹಿಡಿದದ್ದಲ್ಲ, ನಿರಪರಾಧಿಯೊಬ್ಬನನ್ನು ಬಿಡಿಸಿದ್ದು. ಆಮೇಲೆ ಪೊಲೀಸರು ಸುತ್ತಲಿನ ಹಳ್ಳಿಗಳ ಸುಮಾರು ಐದು ಸಾವಿರ ಗಂಡಸರ ರಕ್ತ ಪಡೆದರು. ಕಾಲಿನ್ ಪಿಚ್‌ಫೋರ್ಕ್ ಎಂಬಾತ ತನ್ನ ಬದಲು ಸಹೋದ್ಯೋಗಿಯೊಬ್ಬನನ್ನು ಕಳಿಸಿ ತಪ್ಪಿಸಿಕೊಳ್ಳಲು ನೋಡಿದ. ಆ ಸಹೋದ್ಯೋಗಿ ಕುಡಿಯುವ ಅಂಗಡಿಯಲ್ಲಿ ಬಾಯಿಬಿಟ್ಟ. 1988ರಲ್ಲಿ ಪಿಚ್‌ಫೋರ್ಕ್‌ಗೆ ಜೀವಾವಧಿ ಶಿಕ್ಷೆಯಾಯಿತು. ವಿಜ್ಞಾನ ಎಷ್ಟೇ ಮುಂದುವರಿದರೂ ಬಾಯಿಬಿಡುವ ಒಬ್ಬ ಮನುಷ್ಯ ಬೇಕಾಗುತ್ತದೆ ಎಂಬುದಕ್ಕೂ ಈ ಪ್ರಕರಣ ಸಾಕ್ಷಿ.

ಆರಂಭದ ವಿಧಾನಕ್ಕೆ ಸಾಕಷ್ಟು ದೊಡ್ಡದಾದ, ಸಾಕಷ್ಟು ಹೊಸದಾದ ಕಲೆ ಬೇಕಿತ್ತು. ಹಳೆಯ ಬಟ್ಟೆಯ ಮೇಲಿನ ಡಿ.ಎನ್.ಎ. ಬಿಸಿಲು, ತೇವ, ಕಾಲಗಳ ಹೊಡೆತಕ್ಕೆ ಸಿಕ್ಕಿ ತುಂಡುತುಂಡಾಗಿರುತ್ತದೆ. ಈ ತೊಡಕನ್ನು ಬಿಡಿಸಿದ್ದು ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಯೋಚಿಸಿದ, 1993ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದ ಪಿ.ಸಿ.ಆರ್. ವಿಧಾನ. ಒಂದು ತುಣುಕನ್ನು ಕಾಯಿಸಿ, ಆರಿಸಿ, ಎರಡು ಮಾಡುವುದು; ಎರಡನ್ನು ನಾಲ್ಕು, ನಾಲ್ಕನ್ನು ಎಂಟು. ಹೀಗೆ ಮೂವತ್ತು ಸುತ್ತು ತಿರುಗಿದರೆ ಒಂದು ತುಣುಕಿನಿಂದ ನೂರು ಕೋಟಿಗೂ ಮೀರಿದ ಪ್ರತಿಗಳು ಸಿಗುತ್ತವೆ. ಹರಿದುಹೋದ ಹಳೆಯ ಪತ್ರದಲ್ಲಿ ಉಳಿದ ನಾಲ್ಕಕ್ಷರವನ್ನೇ ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿ ಓದಿದಂತೆ ಇದು. ಪುನರಾವರ್ತನೆಯಾಗುವ ತುಣುಕುಗಳಲ್ಲೂ ಅತಿ ಚಿಕ್ಕವನ್ನು ಆರಿಸಿಕೊಂಡದ್ದರಿಂದ, ಕೆಟ್ಟುಹೋದ ಕಲೆಯಿಂದಲೂ ಗುರುತು ತೆಗೆಯಲು ಸಾಧ್ಯವಾಯಿತು.

ಗುರುತು ಸಿಕ್ಕರೆ ಸಾಲದು, ಹೋಲಿಸಿ ನೋಡಲು ಇನ್ನೊಂದು ಬೇಕು. ಅಮೆರಿಕದಲ್ಲಿ 1998ರಲ್ಲಿ ಅಪರಾಧಿಗಳ ಡಿ.ಎನ್.ಎ. ದಾಖಲೆಗಳ ರಾಷ್ಟ್ರೀಯ ಭಂಡಾರ ಆರಂಭವಾಯಿತು. ಕೆನಡಾದ್ದು 2000ದಲ್ಲಿ ಬಂತು. ಒಂದು ದೇಶದ ಗುರುತನ್ನು ಇನ್ನೊಂದು ದೇಶದ ಭಂಡಾರದೊಡನೆ ಹೋಲಿಸುವ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲ್ 2002ರಲ್ಲಿ ಮಾಡಿತು. ಮೇಲಂಗಿಯ ಮೇಲೆ ಹೊಸ ವಿಧಾನದಿಂದ ಮತ್ತೆ ಪರೀಕ್ಷೆ ನಡೆದು, ಅದರಲ್ಲಿ ಸಿಕ್ಕ ಅಪರಿಚಿತ ಗಂಡಸಿನ ಗುರುತನ್ನು ಇಂಟರ್‌ಪೋಲ್ ಮೂಲಕ ಹೊರದೇಶಗಳಿಗೆ ಕಳಿಸಿದಾಗ, 2012ರ ಮೇ ತಿಂಗಳಲ್ಲಿ ಒರೆಗಾನ್ ರಾಜ್ಯದಿಂದ ಉತ್ತರ ಬಂತು. ಇಂಟರ್‌ಪೋಲಿನ ಇತಿಹಾಸದಲ್ಲಿ ಇಷ್ಟು ಹಳೆಯ ಪ್ರಕರಣಕ್ಕೆ ಹೊಂದಿಕೆ ಸಿಕ್ಕಿದ್ದು ಅದೇ ಮೊದಲೆಂದು ಪೊಲೀಸರು ಹೇಳಿದರು.

ಒರೆಗಾನಿನಲ್ಲಿ ಫೌಲರನ ಗುರುತು ಇದ್ದುದಕ್ಕೂ ಒಂದು ಕಾರಣವಿತ್ತು. 1995ರಲ್ಲಿ ಅಲ್ಲಿನ ನ್ಯೂಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ ಆತ ಮಹಿಳೆಯೊಬ್ಬಳ ಮೇಲೆ ಹಲ್ಲೆ ಮಾಡಿದ್ದ. ಕಾಲಿಗೆ ಕಟ್ಟಿದ ಹಗ್ಗದೊಡನೆಯೇ ಆಕೆ ವಸತಿಗೃಹದ ಕಿಟಕಿಯಿಂದ ಹೊರಕ್ಕೆ ಹಾರಿ ಪ್ರಾಣ ಉಳಿಸಿಕೊಂಡಳು. ಪೊಲೀಸರಿಗೆ ದೂರು ಕೊಟ್ಟಳು. ಆತನಿಗೆ ಹದಿನಾರು ವರ್ಷಕ್ಕೂ ಮೇಲ್ಪಟ್ಟ ಸೆರೆವಾಸವಾಯಿತು. 1974ರ ಹುಡುಗಿಯ ಪ್ರಕರಣಕ್ಕೆ ಉತ್ತರ ಸಿಕ್ಕಿದ್ದು ಪ್ರಯೋಗಾಲಯದಿಂದ ಎನ್ನುವುದು ನಿಜ. ಆದರೆ ಧೈರ್ಯ ಮಾಡಿ ಕಿಟಕಿಯಿಂದ ಹಾರಿದ ಆ ಹೆಣ್ಣುಮಗಳಿಲ್ಲದಿದ್ದರೆ ಆತ ಆ ಸೆರೆಮನೆ ಸೇರುತ್ತಿರಲಿಲ್ಲ ಎನ್ನುವುದನ್ನೂ ಮರೆಯಬಾರದು.

ಹೊಂದಿಕೆ ಬಂದ ಕೂಡಲೇ ಪೊಲೀಸರ ಕೆಲಸ ಮುಗಿಯಲಿಲ್ಲ. 1974ರಲ್ಲಿ ಆತ ನಿಜಕ್ಕೂ ಕೆನಡಾದಲ್ಲಿ ಇದ್ದನೇ ಎಂಬುದನ್ನು ನೋಡಬೇಕಿತ್ತು. ಟೆಕ್ಸಾಸಿನಲ್ಲಿ ಹುಟ್ಟಿ, ಉತ್ತರ ಅಮೆರಿಕದ ಉದ್ದಗಲ ಅಲೆದಾಡಿ, ಸಿಕ್ಕ ಕೂಲಿ ಮಾಡಿಕೊಂಡು, ಹಳೆಯ ಗುಜರಿ ಕಾರುಗಳಲ್ಲಿ ತಿರುಗುತ್ತ, ದಾರಿಯಲ್ಲಿ ಲಿಫ್ಟ್ ಕೇಳುವವರನ್ನು ಹತ್ತಿಸಿಕೊಳ್ಳುತ್ತಿದ್ದವನು ಆತ. ಅದೇ ವರ್ಷ ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ಜಾರ್ಜ್ ನಗರದಲ್ಲಿ ಮನೆಗಳ ಛಾವಣಿ ಹಾಕುವ ಕೆಲಸಕ್ಕಿದ್ದ ಎಂಬುದು ಹಳೆಯ ದಾಖಲೆಗಳಿಂದ ತಿಳಿಯಿತು. ಲಿಫ್ಟ್ ಕೇಳುವ ಹೆಂಗಸರು ಏನಾದರೂ ಆಗಲೆಂದೇ ರಸ್ತೆಗೆ ಬರುತ್ತಾರೆ ಎಂಬ ಭಾವನೆ ಆತನಲ್ಲಿತ್ತೆಂದು ಪೊಲೀಸರು ಹೇಳಿದರು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇದರ ನೆರಳು ಕೊಲೆಗಡುಕನ ಮನಸ್ಸಿನಲ್ಲಿ ಮಾತ್ರ ಇರಲಿಲ್ಲ ಎಂಬುದು ಮುಂದೆ ಕಾಣುತ್ತದೆ.

ಇಲ್ಲಿಗೆ ಮೊದಲನೆಯ ಪ್ರಶ್ನೆ ಮುಗಿಯುತ್ತದೆ. ಎರಡನೆಯದಕ್ಕೆ ಬರೋಣ.

ಆ ಹುಡುಗಿಯ ಕಡತ ಒಂಟಿಯಾಗಿ ಇರಲಿಲ್ಲ. 2005ರಲ್ಲಿ ಆರಂಭವಾದ ವಿಶೇಷ ತನಿಖಾ ತಂಡದ ಮೇಜಿನ ಮೇಲೆ ಅಂಥ ಹದಿನೆಂಟು ಕಡತಗಳು ಸೇರಿದ್ದವು. 1969ರಿಂದ 2006ರವರೆಗಿನವು, ಹದಿಮೂರು ಕೊಲೆ, ಐದು ನಾಪತ್ತೆ. ಎಲ್ಲರೂ ಹೆಣ್ಣುಮಕ್ಕಳು, ಎಲ್ಲರೂ 16, 97 ಮತ್ತು 5ನೇ ಸಂಖ್ಯೆಯ ಹೆದ್ದಾರಿಗಳ ಆಸುಪಾಸಿನಲ್ಲಿ ಕೊನೆಯದಾಗಿ ಕಂಡವರು ಅಥವಾ ಶವವಾಗಿ ಸಿಕ್ಕವರು. ಈ ಕಾರ್ಯಾಚರಣೆಗೆ 'ಇ-ಪಾನಾ' ಎಂದು ಹೆಸರಿಟ್ಟರು. ಧ್ರುವಪ್ರದೇಶದ ಇನುಯಿಟ್ ಜನರ ನಂಬಿಕೆಯಲ್ಲಿ ಪಾನಾ ಎಂದರೆ ಸತ್ತವರ ಆತ್ಮಗಳನ್ನು ಮರುಹುಟ್ಟಿನವರೆಗೆ ಪಾತಾಳದಲ್ಲಿ ಕಾಪಾಡುವ ದೇವತೆ. 'ಇ' ಎಂಬುದು ಆ ಪ್ರಾಂತ್ಯದ ಪೊಲೀಸ್ ವಿಭಾಗದ ಗುರುತಿನ ಅಕ್ಷರ.

ಫೌಲರನ ಹೆಸರು ಪ್ರಕಟವಾದಾಗ ಹದಿನೆಂಟಕ್ಕೂ ಅವನೇ ಕಾರಣನಿರಬಹುದೆಂದು ಹಲವರಿಗೆ ಅನ್ನಿಸಿತು. ಒಬ್ಬ ರಾಕ್ಷಸ ಸಿಕ್ಕರೆ ಮನಸ್ಸಿಗೆ ನೆಮ್ಮದಿ. ಆದರೆ ಲೆಕ್ಕ ಹಾಗೆ ಕೂಡುವುದಿಲ್ಲ. ಆತ 1995ರಿಂದ ಸಾಯುವವರೆಗೂ ಸೆರೆಮನೆಯಲ್ಲಿದ್ದ. ಪಟ್ಟಿಯಲ್ಲಿನ ಹಲವು ಪ್ರಕರಣಗಳು ಅದರ ನಂತರದವು. 1973ರ ಎರಡು ಕೊಲೆಗಳಲ್ಲಿ ಆತನ ಮೇಲೆ ಅನುಮಾನವಿದೆಯೆಂದ ಪೊಲೀಸರೇ ಎಂಟು ಪ್ರಕರಣಗಳಲ್ಲಿ ಆತನ ಪಾತ್ರವಿಲ್ಲವೆಂದೂ ಹೇಳಿದರು. ಅಂದರೆ ಆ ರಸ್ತೆಗಳಲ್ಲಿ ಹಲವು ಕೊಲೆಗಡುಕರು, ಹಲವು ಕಾಲಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಓಡಾಡಿದ್ದಾರೆ. ಹಲವು ಕೈಗಳಿಗೆ ಒಂದೇ ಬಗೆಯ ಅವಕಾಶ ಒದಗಿದ್ದರೆ, ಆ ಅವಕಾಶ ಎಲ್ಲಿಂದ ಬಂತೆಂದು ಕೇಳಬೇಕಾಗುತ್ತದೆ.

ಮೂರು ಹೆದ್ದಾರಿಗಳಲ್ಲಿ ಹೆಚ್ಚು ಕೆಟ್ಟ ಹೆಸರು ಪಡೆದದ್ದು ಹದಿನಾರನೆಯದು. ಪ್ರಿನ್ಸ್ ಜಾರ್ಜ್‌ನಿಂದ ಪೆಸಿಫಿಕ್ ಸಾಗರದ ದಡದ ಪ್ರಿನ್ಸ್ ರೂಪರ್ಟ್‌ವರೆಗೆ ಅದರ ಉದ್ದ ಏಳುನೂರು ಕಿಲೋಮೀಟರಿಗೂ ಹೆಚ್ಚು. ಕಾಡು, ಸರೋವರ, ಹಿಮದ ಬೆಟ್ಟ, ನಡುನಡುವೆ ಚಿಕ್ಕ ಊರು. ಊರುಗಳ ನಡುವೆ ಮೂಲನಿವಾಸಿ ಜನಾಂಗಗಳ ವಸತಿಗಳು. ಆಸ್ಪತ್ರೆ, ಕಾಲೇಜು, ಕೆಲಸ, ದಿನಸಿ ಎಲ್ಲಕ್ಕೂ ದೂರದ ಪಟ್ಟಣಕ್ಕೇ ಹೋಗಬೇಕು. ಕಾರಿಲ್ಲದವರಿಗೆ ಆಗ ದೂರ ಪ್ರಯಾಣದ ಖಾಸಗಿ ಬಸ್ಸೊಂದರ ಹೊರತು ಹೆಚ್ಚಿನ ಗತಿಯಿರಲಿಲ್ಲ. ಅದು ಎಲ್ಲ ವಸತಿಗಳ ಬಳಿ ನಿಲ್ಲುತ್ತಿರಲಿಲ್ಲ, ಬಡವರ ಕೈಗೆ ಅಗ್ಗವಾಗಿಯೂ ಇರಲಿಲ್ಲ. ಆದ್ದರಿಂದ ಜನ ರಸ್ತೆಬದಿಗೆ ಬಂದು ಹೆಬ್ಬೆರಳು ಚಾಚಿದರು. ಅವರು ಹಾಗೆ ನಿಂತದ್ದು ಸಾಹಸಕ್ಕಾಗಿ ಅಲ್ಲ, ಬೇರೆ ದಾರಿ ಇಲ್ಲದ್ದಕ್ಕಾಗಿ.

ಕೈಚಾಚಿ ನಿಂತವರನ್ನು ಸಮಾಜ ಕಂಡದ್ದು ಹೇಗೆ? ಪೊಲೀಸರ ಕಡತದಲ್ಲಿ ಲಿಫ್ಟ್ ಕೇಳುವುದು 'ಅಪಾಯದ ನಡವಳಿಕೆ'. ರಸ್ತೆಬದಿಯ ಫಲಕಗಳಲ್ಲಿ ಹುಡುಗಿಯರಿಗೇ ಎಚ್ಚರಿಕೆ. ಎಚ್ಚರಿಕೆ ತಪ್ಪೆಂದಲ್ಲ. ಆದರೆ 'ಏಕೆ ಹೋದಳು' ಎಂದು ಕೇಳಿದಷ್ಟು ಸಲ 'ಏಕೆ ಬಸ್ಸಿರಲಿಲ್ಲ' ಎಂದು ಯಾರೂ ಕೇಳಲಿಲ್ಲ. ಇದೇ ಪಟ್ಟಿಯಲ್ಲಿ 1978ರಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದ ಹನ್ನೆರಡು ವರ್ಷದ ಮೂಲನಿವಾಸಿ ಬಾಲಕಿಯೂ ಇದ್ದಾಳೆ. ಆಕೆಯ ನಡವಳಿಕೆಯಲ್ಲಿ ಅಪಾಯಕರವಾದದ್ದು ಏನಿತ್ತು?

ಹದಿನಾರನೇ ಹೆದ್ದಾರಿಯಲ್ಲಿ ಸತ್ತವರಲ್ಲಿ, ಕಾಣೆಯಾದವರಲ್ಲಿ ಬಹುಪಾಲು ಮೂಲನಿವಾಸಿ ಹೆಣ್ಣುಮಕ್ಕಳು. ಪೊಲೀಸರ ಪಟ್ಟಿ ಹದಿನೆಂಟಕ್ಕೆ ನಿಂತರೆ, ಅವರ ಸಮುದಾಯಗಳು ಹಾಕಿದ ಲೆಕ್ಕ ನಲವತ್ತನ್ನು ದಾಟುತ್ತದೆ. ವರ್ಷಗಟ್ಟಲೆ ಈ ಕುಟುಂಬಗಳ ಮಾತು ತಮ್ಮ ಊರು ದಾಟಿ ಹೋಗಲಿಲ್ಲ. 2002ರಲ್ಲಿ ಮರ ನೆಡುವ ಕೆಲಸಕ್ಕೆ ಬಂದಿದ್ದ ಬಿಳಿಯ ಯುವತಿಯೊಬ್ಬಳು ಕಾಣೆಯಾದಾಗ ದೇಶದ ಪತ್ರಿಕೆಗಳೆಲ್ಲ ಆ ರಸ್ತೆಯತ್ತ ತಿರುಗಿದವು. ಆಕೆಯ ಮನೆಯವರ ದುಃಖವೂ ದುಃಖವೇ. ಆದರೆ ಅದಕ್ಕೆ ಮುಂಚೆ ಅದೇ ರಸ್ತೆಯಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೆ ತಮ್ಮ ಮಕ್ಕಳ ಬೆಲೆ ಎಷ್ಟೆಂದು ಆ ದಿನ ತಿಳಿಯಿತು.

ಪೊಲೀಸರ ಬಳಿಗೆ ಹೋಗಲು ಅವರು ಹಿಂಜರಿಯುತ್ತಿದ್ದುದಕ್ಕೂ ಚರಿತ್ರೆಯಲ್ಲಿ ಬೇರಿದೆ. ಆ ಸೀಮೆಯ ಕ್ಯಾರಿಯರ್ ಜನರ ಭಾಷೆಯಲ್ಲಿ ಪೊಲೀಸರಿಗಿರುವ ಪದದ ಅರ್ಥ 'ನಮ್ಮನ್ನು ಎತ್ತಿಕೊಂಡು ಹೋಗುವವರು'. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ, ಅವರ ಭಾಷೆ ಮರೆಸಿ, ಬಿಳಿಯರ ರೀತಿನೀತಿ ಕಲಿಸಲು ಕೆನಡಾ ಸರ್ಕಾರ ಚರ್ಚುಗಳ ಮೂಲಕ ವಸತಿ ಶಾಲೆಗಳನ್ನು ನಡೆಸಿತು. ಮಕ್ಕಳನ್ನು ಶಾಲೆಗೆ ಒಯ್ಯುವಲ್ಲಿ ಪೊಲೀಸರ ನೆರವು ಇತ್ತು. ಹದಿನಾರನೇ ಹೆದ್ದಾರಿಯ ದಾರಿಯಲ್ಲೇ, ಫ್ರೇಸರ್ ಸರೋವರದ ದಡದಲ್ಲಿ ಲೆಜಾಕ್ ಎಂಬ ಅಂಥ ಶಾಲೆ 1922ರಿಂದ 1976ರವರೆಗೆ ಇತ್ತು. 1937ರ ಹೊಸವರ್ಷದ ಹೊತ್ತಿನಲ್ಲಿ ಆ ಶಾಲೆಯಿಂದ ತಪ್ಪಿಸಿಕೊಂಡು ಮನೆಯತ್ತ ನಡೆದ ನಾಲ್ವರು ಪುಟ್ಟ ಹುಡುಗರು ಹೆಪ್ಪುಗಟ್ಟಿದ ಸರೋವರದ ಮೇಲೆ ಚಳಿಗೆ ಸತ್ತರು. ಇಂಥ ನೆನಪುಳ್ಳ ಮನೆಯ ತಾಯಿಗೆ ಮಗಳು ಕಾಣೆಯಾದ ರಾತ್ರಿ ಠಾಣೆಯ ಬಾಗಿಲು ಸುಲಭದ ಬಾಗಿಲಾಗಿರಲಿಲ್ಲ. ವಸತಿ ಶಾಲೆಗಳಲ್ಲಿನ ತನ್ನ ಪಾತ್ರಕ್ಕಾಗಿ ಕೆನಡಾದ ಪೊಲೀಸ್ ಪಡೆ 2004ರಲ್ಲಿ ಕ್ಷಮೆ ಕೇಳಿತು.

1998ರಲ್ಲಿ ಟೆರೇಸ್ ಪಟ್ಟಣದಲ್ಲಿ ಸತ್ತವರ ನೆನಪಿಗೆ ಸೇರಿದ ಸಭೆಯ ಸಂದರ್ಭದಲ್ಲಿ ಆ ರಸ್ತೆಗೆ 'ಕಣ್ಣೀರಿನ ಹೆದ್ದಾರಿ' ಎಂಬ ಹೆಸರು ಬಂತು. 2006ರ ಮಾರ್ಚ್‌ನಲ್ಲಿ ಪ್ರಿನ್ಸ್ ಜಾರ್ಜ್‌ನಲ್ಲಿ ಕುಟುಂಬಗಳು, ಮೂಲನಿವಾಸಿ ಸಂಘಟನೆಗಳು, ಅಧಿಕಾರಿಗಳು ಒಟ್ಟಿಗೆ ಕುಳಿತು 33 ಶಿಫಾರಸುಗಳನ್ನು ಮಾಡಿದರು. ಅವುಗಳಲ್ಲಿ ಮೊಟ್ಟಮೊದಲನೆಯದು ವಿಜ್ಞಾನದ್ದೂ ಅಲ್ಲ, ಪತ್ತೇದಾರಿಯದ್ದೂ ಅಲ್ಲ. ಹೆದ್ದಾರಿಯ ಉದ್ದಕ್ಕೂ ಊರಿಂದೂರಿಗೆ ಬಸ್ ಓಡಿಸಿ ಎಂಬುದು. 2012ರಲ್ಲಿ ಕಾಣೆಯಾದ ಮಹಿಳೆಯರ ಬಗ್ಗೆ ವರದಿ ಕೊಟ್ಟ ನಿವೃತ್ತ ನ್ಯಾಯಾಧೀಶ ವಾಲಿ ಓಪಲ್ ಅವರ ಆಯೋಗವೂ ಇದನ್ನು ತುರ್ತಾಗಿ ಮಾಡಬೇಕೆಂದಿತು.

ಬಸ್ ಬರಲಿಲ್ಲ. ಬಂದದ್ದು ಇನ್ನೊಂದು ಸುದ್ದಿ. ಈ ಹೆದ್ದಾರಿಯ ಕುರಿತು ಸರ್ಕಾರದಲ್ಲಿ ನಡೆದ ಸಭೆಗಳ ದಾಖಲೆ ಕೊಡಿ ಎಂದು 2014ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಅಂಥ ಕಾಗದಪತ್ರಗಳೇ ಇಲ್ಲವೆಂಬ ಉತ್ತರ ಬಂತು. ಒಳಗಿನವರೊಬ್ಬರು ಮಾತನಾಡಿದ ಮೇಲೆ ಪ್ರಾಂತ್ಯದ ಮಾಹಿತಿ ಆಯುಕ್ತೆ ಎಲಿಜಬೆತ್ ಡೆನ್ಹ್ಯಾಮ್ ತನಿಖೆ ನಡೆಸಿದರು. ಇ-ಮೇಲ್ ಪತ್ರಗಳನ್ನು ಅಳಿಸಿಹಾಕಲಾಗಿತ್ತೆಂದು 2015ರ ಅಕ್ಟೋಬರ್‌ನಲ್ಲಿ ಅವರ ವರದಿ ಹೇಳಿತು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಸಚಿವಾಲಯದ ಮಾಜಿ ಸಹಾಯಕನೊಬ್ಬನಿಗೆ 2016ರಲ್ಲಿ 2,500 ಡಾಲರ್ ದಂಡ ಬಿತ್ತು. 1974ರ ಪೊಲೀಸರು ಏಕೆ ಬೇಕೆಂದು ತಿಳಿಯದೆಯೇ ಒಂದು ಬಟ್ಟೆಯನ್ನು ಜೋಪಾನ ಮಾಡಿದರು. ನಲವತ್ತು ವರ್ಷದ ನಂತರದ ಕಚೇರಿ, ಏಕೆ ಬೇಕೆಂದು ತಿಳಿದೂ ದಾಖಲೆ ಉಳಿಸಲಿಲ್ಲ. ಸಾಕ್ಷ್ಯ ಎಂಬುದು ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ. ಯಾರೋ ಇಟ್ಟುಕೊಂಡಿದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಕೊನೆಗೂ 2017ರಲ್ಲಿ, ಶಿಫಾರಸು ಬಂದ ಹನ್ನೊಂದು ವರ್ಷದ ಮೇಲೆ, ಹೆದ್ದಾರಿಯ ಊರುಗಳ ನಡುವೆ ಕಡಿಮೆ ದರದ ಸಾರ್ವಜನಿಕ ಬಸ್‌ಗಳ ಸಂಚಾರ ಆರಂಭವಾಯಿತು. ಮರುವರ್ಷವೇ ಹಳೆಯ ಖಾಸಗಿ ಬಸ್ ಕಂಪನಿ ಆ ಸೀಮೆಯಿಂದ ಕಾಲ್ತೆಗೆದಾಗ ಪ್ರಾಂತ್ಯವೇ ದೂರದ ಊರುಗಳಿಗೆ ಬಸ್ ಏರ್ಪಡಿಸಬೇಕಾಯಿತು. ಮೊಬೈಲ್ ಸಂಕೇತ ಸಿಗದ 252 ಕಿಲೋಮೀಟರ್ ದಾರಿಗೆಂದು ಹನ್ನೆರಡು ಗೋಪುರಗಳ ಯೋಜನೆ 2021ರಲ್ಲಿ ಪ್ರಕಟವಾಯಿತು.

ತನಿಖೆಯ ಕಡೆ ನೋಡಿದರೆ, ಸೈಕಲ್ ಮೇಲೆ ಹೋಗಿದ್ದ ಹನ್ನೆರಡರ ಬಾಲಕಿಯ ಕೊಲೆಗಾಗಿ 2019ರ ಜನವರಿಯಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು. ಇಲ್ಲಿ ಕೆಲಸ ಮಾಡಿದ್ದು ಡಿ.ಎನ್.ಎ. ಅಲ್ಲ. ಪೊಲೀಸರು ಮಾರುವೇಷದಲ್ಲಿ ಒಂದು ಸುಳ್ಳು ಅಪರಾಧಿ ತಂಡ ಕಟ್ಟಿ, ಶಂಕಿತನನ್ನು ಅದರೊಳಗೆ ಸೇರಿಸಿಕೊಂಡು, ತಂಡದ 'ದೊಡ್ಡ ಯಜಮಾನ'ನ ಎದುರು ಆತನೇ ತಪ್ಪೊಪ್ಪಿಕೊಳ್ಳುವಂತೆ ಮಾಡಿದರು. ಇಂಥ ಒಪ್ಪಿಗೆಯನ್ನು ಕಣ್ಣುಮುಚ್ಚಿ ನಂಬಬಾರದು, ಅದು ವಿಶ್ವಾಸಾರ್ಹವೆಂದು ಸರ್ಕಾರಿ ವಕೀಲರೇ ತೋರಿಸಿಕೊಡಬೇಕು ಎಂದು ಕೆನಡಾದ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಆ ಪರೀಕ್ಷೆಯನ್ನೂ ದಾಟಿ ಬಂದ ತೀರ್ಪು ಇದು. ಇದಕ್ಕೆ ಹಿಡಿದದ್ದು ನಲವತ್ತು ವರ್ಷ. ಇದಕ್ಕೆ ಎದುರಾಗಿ ಇನ್ನೊಂದು ಘಟನೆ ಇದೆ. 2010ರ ನವೆಂಬರಿನ ಒಂದು ರಾತ್ರಿ, ಅದೇ ಸೀಮೆಯ 27ನೇ ಹೆದ್ದಾರಿಯಲ್ಲಿ, ಕಾಡಿನ ರಸ್ತೆಯಿಂದ ಧಾವಿಸಿ ಬಂದ ವಾಹನವೊಂದನ್ನು ಕಂಡು ಹೊಸದಾಗಿ ಕೆಲಸಕ್ಕೆ ಸೇರಿದ್ದ ಪೊಲೀಸನೊಬ್ಬ ಅನುಮಾನಪಟ್ಟು ತಡೆದು ನಿಲ್ಲಿಸಿದ. ಆ ಒಂದು ತಡೆಯಿಂದ ನಾಲ್ಕು ಕೊಲೆಗಳು ಬೆಳಕಿಗೆ ಬಂದು 2014ರಲ್ಲಿ ಅಪರಾಧಿಗೆ ಶಿಕ್ಷೆಯಾಯಿತು. ಮೊದಲ ಗಂಟೆಯ ಎಚ್ಚರ ಎಷ್ಟು ವರ್ಷಗಳ ಶ್ರಮವನ್ನು ಉಳಿಸಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇದು ಒಂದು ಹೆದ್ದಾರಿಯ ಕತೆಯಷ್ಟೇ ಆಗಿದ್ದರೆ ಬೇರೆ ಮಾತು. 1980ರಿಂದ 2012ರವರೆಗೆ ಕೆನಡಾದಲ್ಲಿ ಕೊಲೆಯಾದ ಮೂಲನಿವಾಸಿ ಮಹಿಳೆಯರು 1,017, ಕಾಣೆಯಾದವರು 164 ಎಂದು ಅಲ್ಲಿನ ಪೊಲೀಸರೇ 2014ರಲ್ಲಿ ಲೆಕ್ಕ ಕೊಟ್ಟರು. ದೇಶದ ಹೆಂಗಸರಲ್ಲಿ ಅವರ ಪಾಲು ನೂರಕ್ಕೆ ನಾಲ್ಕರ ಆಸುಪಾಸು, ಕೊಲೆಯಾದ ಹೆಂಗಸರಲ್ಲಿ ಹದಿನಾರು. 2016ರಲ್ಲಿ ನೇಮಕವಾದ ರಾಷ್ಟ್ರೀಯ ವಿಚಾರಣಾ ಆಯೋಗ 2019ರ ಜೂನ್‌ನಲ್ಲಿ 231 ಬೇಡಿಕೆಗಳ ವರದಿ ಕೊಟ್ಟಿತು.

1974ರ ಹುಡುಗಿ ಮೂಲನಿವಾಸಿಯಲ್ಲ. ಆದರೂ ಆಕೆಯ ಕಡತ ಮತ್ತೆ ತೆರೆದದ್ದು ಆ ಮನೆಗಳ ತಾಯಂದಿರು, ಅಕ್ಕತಂಗಿಯರು ವರ್ಷಾನುಗಟ್ಟಲೆ ದೀಪ ಹಿಡಿದು ರಸ್ತೆಯಲ್ಲಿ ನಡೆದದ್ದರಿಂದ, ಸುಮ್ಮನಿರಲು ಒಪ್ಪದ್ದರಿಂದ. ಅವರು ಕೇಳದಿದ್ದರೆ ವಿಶೇಷ ತಂಡ ಬರುತ್ತಿತ್ತೇ, ಮೇಲಂಗಿಯನ್ನು ಮತ್ತೆ ಹೊರಗೆ ತೆಗೆಯುತ್ತಿದ್ದರೇ ಎಂಬುದು ಅನುಮಾನವೇ. ಯಾರದೋ ಮಗಳಿಗಾಗಿ ಕೇಳಿದ ನ್ಯಾಯ ಇನ್ನಾರದೋ ಮನೆಗೆ ಮೊದಲು ತಲುಪಿತು.

2012ರ ಸೆಪ್ಟೆಂಬರಿನ ಆ ದಿನ ಹುಡುಗಿಯ ಕುಟುಂಬದವರು ಪೊಲೀಸರಿಗೆ ಕೃತಜ್ಞತೆ ಹೇಳಿದರು. ಆತ ವಿಚಾರಣೆಗೆ ನಿಲ್ಲಲಿಲ್ಲವೆಂಬ ಕೊರತೆ ಉಳಿದೇ ಇದೆ ಎಂದರು. ಇನ್ನೂ ಉತ್ತರಕ್ಕಾಗಿ ಕಾಯುತ್ತಿರುವ ಉಳಿದ ಕುಟುಂಬಗಳನ್ನು ನೆನೆದರು. ಆ ಪಟ್ಟಿಯ ಬಹುಪಾಲು ಕಡತಗಳು ಇನ್ನೂ ಬಿಡಿಸದೆ ಉಳಿದಿವೆ. 2020ರ ಸೆಪ್ಟೆಂಬರ್‌ನಲ್ಲಿ ಟೆರೇಸ್ ಬಳಿಯ ಕಿಟ್ಸಮ್‌ಕೇಲಮ್ ಎಂಬಲ್ಲಿ, ಹೆದ್ದಾರಿಯ ಪಕ್ಕದಲ್ಲೇ, ಸತ್ತವರ ಮತ್ತು ಕಾಣೆಯಾದವರ ನೆನಪಿಗಾಗಿ ಕೆತ್ತನೆಯ ಮರದ ಕಂಬವೊಂದನ್ನು ನೆಟ್ಟರು. ಕಂಬ ನೆಡುವುದು ಆ ಜನರಲ್ಲಿ ವಂಶದ ಕತೆ ಹೇಳುವ, ಸಾಕ್ಷಿ ನಿಲ್ಲಿಸುವ ಪದ್ಧತಿ.

'ಯಾರು ಕೊಂದರು' ಎಂಬ ಪ್ರಶ್ನೆಗೆ ಬಟ್ಟೆಯ ಮೇಲಿನ ಕಲೆ ಉತ್ತರ ಹೇಳಬಲ್ಲದು, ಬಟ್ಟೆ ಉಳಿದಿದ್ದರೆ. 'ಅವಳು ಅಲ್ಲಿ ಏಕೆ ಒಬ್ಬಳೇ ನಿಂತಿದ್ದಳು' ಎಂಬ ಪ್ರಶ್ನೆಗೆ ಯಾವ ಪ್ರಯೋಗಾಲಯದಲ್ಲೂ ಉತ್ತರವಿಲ್ಲ. ಅದಕ್ಕೆ ಉತ್ತರ ಕೊಡಬೇಕಾದ್ದು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ಒಂದು ಬಸ್ಸು. ಆ ರಸ್ತೆಯಲ್ಲಿ ಅಪರಾಧಿಯ ಹೆಸರು ಸಿಗಲು ಮೂವತ್ತೆಂಟು ವರ್ಷ ಬೇಕಾಯಿತು; ಬಸ್ಸು ಬರಲು ಅದಕ್ಕೂ ಐದು ವರ್ಷ ಹೆಚ್ಚು.